ಬರೀ ಗಾಳಿ ತಾನೇ? – ಕಾರ್ಖಾನೆಯ ಬ್ಲೋವರ್ ಬಗ್ಗೆ ಒಂದಿಷ್ಟು ಮಾತು



ಇವತ್ತಿನ ಮಾತು ಗಾಳಿಯ ಬಗ್ಗೆ. ಕವಿಗಳ ತಂಗಾಳಿಯಲ್ಲ, ಕಾರ್ಖಾನೆಯ ಗಾಳಿ. ಅದನ್ನು ಊದುವ ಯಂತ್ರಕ್ಕೆ ಬ್ಲೋವರ್ ಅನ್ನುತ್ತಾರೆ. ಈ ವಿಷಯ ಯಾಕೆ ಅಂತ ಕೆಲವರು ಕೇಳಬಹುದು. ಕಾರಣ ನಮ್ಮ ಮನೆ ಬಾಗಿಲಲ್ಲೇ ಇದೆ.

ನಾವಿರುವ ಫಹಾಹೀಲ್ ಒಂದು ಕಾಲಕ್ಕೆ ಮೀನುಗಾರರ, ಮುತ್ತು ಹೆಕ್ಕುವವರ ಹಳ್ಳಿ. 1938ರಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಕುವೈತ್‌ನ ಮೊದಲ ಎಣ್ಣೆ ಹಡಗು ಹೊರಟಿತು, 1949ರಲ್ಲಿ ಮೀನಾ ಅಲ್ ಅಹ್ಮದಿ ರಿಫೈನರಿ ಶುರುವಾಯಿತು. ಆಮೇಲೆ ಮೀನಾ ಅಬ್ದುಲ್ಲಾ, ಶುಐಬಾ ಬಂದವು. ಇವತ್ತು ನಮ್ಮ ಅಪ್ಪಂದಿರು, ಚಿಕ್ಕಪ್ಪಂದಿರು, ಪಕ್ಕದ ಮನೆಯ ಮಾವಂದಿರು ಬೆಳಗ್ಗೆ ನಾಲ್ಕೂವರೆಗೆ ಎದ್ದು ಬಸ್ಸು ಹತ್ತುವುದು ಈ ದಿಕ್ಕಿಗೇ. 'ಅಲ್ಲಿ ನಿಮ್ಮ ಕೆಲಸ ಏನು?' ಅಂತ ಕೇಳಿದರೆ 'ಮೇಂಟೆನೆನ್ಸ್' ಅನ್ನುವ ಒಂದೇ ಪದದಲ್ಲಿ ಉತ್ತರ ಮುಗಿಯುತ್ತದೆ. ನಿಮ್ಮಲ್ಲೂ ಎಷ್ಟೋ ಜನ ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಇಂಜಿನಿಯರಿಂಗ್ ಓದುತ್ತಿದ್ದೀರಿ. ರಜೆಯಲ್ಲಿ ಇಲ್ಲಿಗೆ ಬಂದು ಟ್ರೈನಿಯಾಗಿ ಯಾವುದೋ ಪ್ಲಾಂಟಿಗೆ ಕಾಲಿಡುತ್ತೀರಿ. ಮೊದಲ ದಿನವೇ ಯಾರಾದರೂ, 'ಹೋಗಿ ಆ ಬ್ಲೋವರ್ ಸ್ವಲ್ಪ ನೋಡಿಕೊಂಡು ಬಾ, ಬರೀ ಗಾಳಿ ಊದೋ ಮಷೀನು' ಅನ್ನುವ ಸಾಧ್ಯತೆ ಇದೆ.

ಆ 'ಬರೀ ಗಾಳಿ' ಅನ್ನುವ ಮಾತಿನಲ್ಲೇ ಅಪಾಯ ಇರುವುದು. ಪೆಟ್ರೋಲ್ ಅಂದರೆ ಎಲ್ಲರಿಗೂ ಭಯ, ಕರೆಂಟ್ ಅಂದರೆ ಭಯ. ಗಾಳಿ ಅಂದರೆ ಯಾರಿಗೂ ಭಯವಿಲ್ಲ. ಭಯವಿಲ್ಲದ ಕಡೆ ಎಚ್ಚರವೂ ಕಡಿಮೆ.

ಊದುಗೊಳವೆಯಿಂದ ಊದುಕುಲುಮೆಯವರೆಗೆ

ಊರಿನಲ್ಲಿ ಅಜ್ಜಿ ಸೌದೆ ಒಲೆಗೆ ಊದುಗೊಳವೆಯಿಂದ ಊದುವುದನ್ನು ನೀವು ನೋಡಿರಬಹುದು. ಕಮ್ಮಾರರ ಕುಲುಮೆಯಲ್ಲಿ ಚರ್ಮದ ತಿದಿ ಇರುತ್ತಿತ್ತು. ಒತ್ತಿದರೆ ಗಾಳಿ, ಗಾಳಿಯಿಂದ ಕೆಂಡ, ಕೆಂಡದಿಂದ ಕಬ್ಬಿಣ ಮೆತ್ತಗೆ. ಇದೇ ಕೆಲಸ ದೊಡ್ಡದಾದಾಗ ತಿದಿಯ ಜಾಗಕ್ಕೆ ಯಂತ್ರ ಬಂತು. ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಅಲ್ಲಿನ ಕುಲುಮೆಗೆ ಇದ್ದಿಲೇ ಉರುವಲು. ಅಂಥ ಕುಲುಮೆಗೆ ಕನ್ನಡದಲ್ಲಿ ಊದುಕುಲುಮೆ ಎಂಬ ಚಂದದ ಹೆಸರಿದೆ. ಊದುವುದು ನಿಂತರೆ ಕುಲುಮೆ ಸತ್ತಂತೆ ಅನ್ನುವುದು ಆ ಹೆಸರಿನಲ್ಲೇ ಇದೆ.

ಗಾಳಿ ತಳ್ಳುವ ಯಂತ್ರಗಳನ್ನು ಒತ್ತಡದ ಲೆಕ್ಕದಲ್ಲಿ ಮೂರು ಗುಂಪು ಮಾಡುತ್ತಾರೆ. ಒತ್ತಡವನ್ನು ತೀರಾ ಕಡಿಮೆ ಏರಿಸಿ, ರಾಶಿ ಗಾಳಿಯನ್ನು ಸಾಗಿಸುವುದು ಫ್ಯಾನ್. ಒತ್ತಡವನ್ನು ತುಂಬಾ ಏರಿಸುವುದು ಕಂಪ್ರೆಸರ್. ಇವೆರಡರ ನಡುವೆ ಇರುವುದು ಬ್ಲೋವರ್.

ಬ್ಲೋವರ್‌ನಲ್ಲೂ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಸೆಂಟ್ರಿಫ್ಯೂಗಲ್. ಅದರೊಳಗೆ ರೆಕ್ಕೆಗಳಿರುವ ಚಕ್ರ ಜೋರಾಗಿ ತಿರುಗಿ ಗಾಳಿಯನ್ನು ಹೊರಕ್ಕೆ ಎಸೆಯುತ್ತದೆ. ಎರಡನೆಯದು ರೂಟ್ಸ್ ಬ್ಲೋವರ್. ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇದರೊಳಗೆ ಎಂಟರ ಆಕಾರದ ಎರಡು ರೋಟರ್‌ಗಳು ಒಂದನ್ನೊಂದು ಮುಟ್ಟದೆ ಎದುರುಬದುರಾಗಿ ತಿರುಗುತ್ತವೆ. ಪ್ರತಿ ಸುತ್ತಿಗೂ ಇಷ್ಟು ಗಾಳಿ ಅಂತ ಬೊಗಸೆ ತುಂಬಿ ಆಚೆ ಹಾಕುತ್ತವೆ. ಮುಂದೆ ದಾರಿ ಇದೆಯೋ ಇಲ್ಲವೋ ನೋಡುವುದಿಲ್ಲ. ಈ ವ್ಯತ್ಯಾಸ ನೆನಪಿರಲಿ, ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ನಮ್ಮ ಸುತ್ತ ಇವು ಎಲ್ಲೆಲ್ಲಿವೆ? ನಮ್ಮ ಬಡಾವಣೆಗಳ ಕೊಳಚೆ ನೀರು ಶುದ್ಧವಾಗುವ ಘಟಕಗಳಲ್ಲಿ ಬ್ಲೋವರ್‌ಗಳು ತೊಟ್ಟಿಯ ತಳಕ್ಕೆ ಹಗಲೂ ರಾತ್ರಿ ಗಾಳಿ ಕೊಡುತ್ತವೆ. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅದೇ ಉಸಿರು. ಸಿಮೆಂಟ್ ಬಲ್ಕರ್ ಲಾರಿಗಳು ಸಿಮೆಂಟನ್ನು ಪೈಪಿನಲ್ಲಿ ಊದಿ ಸೈಲೋಗೆ ಏರಿಸುವುದು ಬ್ಲೋವರ್‌ನಿಂದ. ಇನ್ನು ರಿಫೈನರಿ. ಕುವೈತ್‌ನ ಎಣ್ಣೆಯಲ್ಲಿ ಗಂಧಕ ಹೆಚ್ಚು. ಅದನ್ನು ತೆಗೆಯುವಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಕಾರ್ಲ್ ಕ್ಲಾಸ್ ಎಂಬ ರಸಾಯನಶಾಸ್ತ್ರಜ್ಞ 1883ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ಆ ವಿಷದ ಸುಮಾರು ಮೂರನೇ ಒಂದು ಭಾಗವನ್ನು ಸುಟ್ಟು, ಉಳಿದದ್ದರ ಜೊತೆ ಕೂಡಿಸಿ ಹಳದಿ ಗಂಧಕ ಮಾಡುತ್ತಾರೆ. ಸುಡಲು ಬೇಕಾದ ಗಾಳಿಯನ್ನು ಅಳೆದು ತೂಗಿ ಕೊಡುವುದು ಬ್ಲೋವರ್. ನಾವು ಫಹಾಹೀಲ್‌ನ ಕಡಲತೀರದಲ್ಲಿ ಸಂಜೆ ನೆಮ್ಮದಿಯಿಂದ ಉಸಿರಾಡುವುದರಲ್ಲಿ ಇಂಥ ಯಂತ್ರಗಳ ಪಾಲೂ ಇದೆ.

ಗಾಳಿಗೆ ತೂಕ ಇದೆ

ಈಗ ಸಣ್ಣ ಲೆಕ್ಕ. ರೂಟ್ಸ್ ಬ್ಲೋವರ್ ಸಾಮಾನ್ಯವಾಗಿ ಕೊಡುವ ಒತ್ತಡ ಅರ್ಧ ಬಾರ್ ಅಂದುಕೊಳ್ಳಿ. ಕಾರಿನ ಟೈರ್‌ನಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ. ಆದರೆ 30 ಸೆಂಟಿಮೀಟರ್ ಅಗಲದ ಒಂದು ಪೈಪಿನ ಮುಚ್ಚಳದ ಮೇಲೆ ಆ ಒತ್ತಡ ಬಿದ್ದರೆ, ಅದು ಸುಮಾರು 360 ಕಿಲೋ ತೂಕದ ಬಲ. ಏಳು ಅಕ್ಕಿ ಮೂಟೆ! ಒತ್ತಡ ಇಳಿಸದೆ ಆ ಮುಚ್ಚಳದ ಬೋಲ್ಟ್ ಬಿಚ್ಚಿದವನ ಎದೆಗೆ ಬಡಿಯುವುದು ಅಷ್ಟು ಭಾರ.

ಇನ್ನೊಂದು ಲೆಕ್ಕ. ಒಂದು ಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 1,480 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 280 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ನಮ್ಮ ಫಹಾಹೀಲ್ ಎಕ್ಸ್‌ಪ್ರೆಸ್‌ವೇಯಲ್ಲಿ ಯಾವ ಪುಂಡನೂ ಅಷ್ಟು ವೇಗ ಹೋಗಲಾರ.

ಮೂರನೆಯದು ಬಿಸಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದು ನಿಮಗೆ ಗೊತ್ತು. ಬೇಸಿಗೆಯ 50 ಡಿಗ್ರಿ ಗಾಳಿಯನ್ನು ಅರ್ಧ ಬಾರ್‌ಗೆ ಒತ್ತಿದರೆ ಹೊರಬರುವ ಗಾಳಿ 100 ಡಿಗ್ರಿ ದಾಟುತ್ತದೆ. ಆ ಪೈಪಿಗೆ ಬರಿಗೈ ತಾಗಿದರೆ ಕಾದ ಕಾವಲಿ ಮುಟ್ಟಿದ ಹಾಗೆ.

ಹೀಗಾಗಿ ಯಾವ ಬ್ಲೋವರ್ ಮುಂದೆ ನಿಂತರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಏನನ್ನು ಉಸಿರೆಳೆಯುತ್ತಿದೆ? ಎಲ್ಲಿಗೆ, ಹೇಗೆ ಬಿಡುತ್ತಿದೆ? ಇದು ನಿಂತರೆ ಏನಾಗುತ್ತದೆ? ಬ್ಲೋವರ್ ಕೂರಿಸುವ ವಿಧಾನ, ನಡೆಸುವ ವಿಧಾನ ಎಲ್ಲವೂ ಈ ಮೂರರೊಳಗೆ ಬರುತ್ತದೆ.

ಮೊದಲ ಪ್ರಶ್ನೆ: ಏನನ್ನು ಎಳೆಯುತ್ತಿದೆ?

ಬ್ಲೋವರ್‌ಗೆ ಮೂಗಿಲ್ಲ. ಬಾಯಿ ಹತ್ತಿರ ಏನಿದೆಯೋ ಅದನ್ನೇ ಎಳೆಯುತ್ತದೆ. ದೂಳಿದ್ದರೆ ದೂಳು, ಜನರೇಟರ್ ಹೊಗೆ ಇದ್ದರೆ ಹೊಗೆ, ಸೋರಿದ ಗ್ಯಾಸ್ ಇದ್ದರೆ ಗ್ಯಾಸ್. ಆದ್ದರಿಂದ ಗಾಳಿ ಒಳಹೋಗುವ ಬಾಯಿಯನ್ನು ಎಲ್ಲಿ ಇಡುತ್ತೇವೆ ಅನ್ನುವುದೇ ಮೊದಲ ಸುರಕ್ಷತೆ. ನೆಲದಿಂದ ಎತ್ತರದಲ್ಲಿರಬೇಕು. ವಾಹನಗಳ ಹೊಗೆ, ಟ್ಯಾಂಕಿನ ವೆಂಟ್, ಇನ್ನೊಂದು ಯಂತ್ರದ ಬಿಸಿಗಾಳಿ ಇವುಗಳಿಂದ ದೂರ ಇರಬೇಕು. ಸುಡುವ ಗ್ಯಾಸ್ ಬರಬಹುದಾದ ಜಾಗವಾದರೆ ಅಲ್ಲಿ ಗ್ಯಾಸ್ ಡಿಟೆಕ್ಟರ್ ಬೇಕು, ಮೋಟಾರು ಕಿಡಿ ಹೊರಬಿಡದ ಬಗೆಯದ್ದಾಗಿರಬೇಕು.

ಕಣದಲ್ಲಿ ರಾಶಿ ತೂರುವ ರೈತ ಮೊದಲು ಮಾಡುವುದೂ ಇದೇ. ಗಾಳಿ ಎತ್ತಲಿಂದ ಬರುತ್ತಿದೆ ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಹೊಟ್ಟು ಯಾರ ಕಣ್ಣಿಗೂ ಬೀಳದ ಕಡೆ ಹಾರುವಂತೆ ನೋಡಿಕೊಳ್ಳುತ್ತಾನೆ. 'ಗಾಳಿ ಬಂದಾಗ ತೂರಿಕೋ' ಅನ್ನುವ ಗಾದೆಯನ್ನು ನಾವು ಅವಕಾಶದ ಮಾತಾಗಿ ಬಳಸುತ್ತೇವೆ. ಅದರೊಳಗೆ ದಿಕ್ಕಿನ ಜಾಣತನವೂ ಇದೆ.

ಕುವೈತ್‌ನಲ್ಲಿ ಎರಡು ವಿಶೇಷ ತೊಂದರೆ: ದೂಳು ಮತ್ತು ಬಿಸಿಲು.

ದೂಳಿನ ಬಿರುಗಾಳಿಯ ಮರುದಿನ ನಿಮ್ಮ ಮನೆಯ ಎಸಿ ಫಿಲ್ಟರ್ ತೆಗೆದು ನೋಡಿ. ಬ್ಲೋವರ್ ಫಿಲ್ಟರ್‌ಗೂ ಅದೇ ಗತಿ, ನೂರು ಪಟ್ಟು ಜಾಸ್ತಿ. ಫಿಲ್ಟರ್ ಕಟ್ಟಿಕೊಂಡರೆ ಯಂತ್ರ ಏದುಸಿರು ಬಿಡುತ್ತದೆ, ಮೈ ಕಾಯುತ್ತದೆ. ರೂಟ್ಸ್ ಬ್ಲೋವರ್‌ನಲ್ಲಿ ರೋಟರ್‌ಗಳ ನಡುವಿನ ಅಂತರ ಕೂದಲೆಳೆಯಷ್ಟು. ಕಾದು ಹಿಗ್ಗಿದರೆ ಅವು ಒಂದಕ್ಕೊಂದು ತಾಗುತ್ತವೆ, ಅಲ್ಲಿಗೆ ಮುಗಿಯಿತು. ಫಿಲ್ಟರ್‌ನ ಎರಡೂ ಕಡೆಯ ಒತ್ತಡದ ವ್ಯತ್ಯಾಸ ತೋರಿಸುವ ಒಂದು ಸಣ್ಣ ಗೇಜ್ ಇರುತ್ತದೆ. ಬಿರುಗಾಳಿಯ ಮರುದಿನ ಮೊದಲು ನೋಡಬೇಕಾದ್ದು ಅದನ್ನೇ. ಮತ್ತೆ, 'ಫಿಲ್ಟರ್ ತೆಗೆದು ಸ್ವಲ್ಪ ಹೊತ್ತು ಓಡಿಸೋಣ' ಅನ್ನುವ ಉಪಾಯಕ್ಕೆ ಯಾವತ್ತೂ ಹೂಂ ಅನ್ನಬೇಡಿ. ಆ ತೆರೆದ ಬಾಯಿ ಒಂದು ಚಿಂದಿ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ, ಹತ್ತಿರ ಹೋದವರ ತೋಳನ್ನೂ ಎಳೆದುಕೊಳ್ಳುತ್ತದೆ.

ಇನ್ನು ಬಿಸಿಲು. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಒಪ್ಪಿಕೊಂಡಿದೆ. ಆದರೆ ಸಾಮಾನ್ಯ ಕೈಗಾರಿಕಾ ಮೋಟಾರಿನ ತಗಡಿನ ಮೇಲೆ ಬರೆದಿರುವ ಶಕ್ತಿ ಸುತ್ತಲಿನ ಬಿಸಿ 40 ಡಿಗ್ರಿ ಮೀರದಿದ್ದಾಗಿನ ಲೆಕ್ಕ. ಅದಕ್ಕಿಂತ ಬಿಸಿಯಾದ ಜಾಗದಲ್ಲಿ ಅದೇ ಮೋಟಾರಿನಿಂದ ಅಷ್ಟೇ ಕೆಲಸ ಕೇಳಬಾರದು. ಒಂದೋ ಹೆಚ್ಚು ಬಿಸಿಗೆಂದೇ ಮಾಡಿದ ಮೋಟಾರು ಬೇಕು, ಇಲ್ಲವೇ ದೊಡ್ಡ ಮೋಟಾರು ಹಾಕಿ ಕಡಿಮೆ ಕೆಲಸ ಕೊಡಬೇಕು. ಊರಿನ ಕೆಟಲಾಗ್ ನೋಡಿ ಇಲ್ಲಿಗೆ ಯಂತ್ರ ತರಿಸುವವರು ಮೊದಲು ಗಮನಿಸಬೇಕಾದ ಸಾಲು ಇದು.

ಬಿಸಿಗಾಳಿ ಹಗುರವೂ ಹೌದು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗಿದರೆ, 50 ಡಿಗ್ರಿಯಲ್ಲಿ ಸುಮಾರು 1.09 ಕಿಲೋ. ಅಂದರೆ ಬ್ಲೋವರ್ ಅಷ್ಟೇ ಸುತ್ತು ತಿರುಗಿದರೂ ನೂರಕ್ಕೆ ಒಂಬತ್ತು ಪಾಲು ಆಮ್ಲಜನಕ ಕಡಿಮೆ. ಬ್ಯಾಕ್ಟೀರಿಯಾ ಇರಲಿ, ಕುಲುಮೆ ಇರಲಿ, ಬೇಸಿಗೆಯಲ್ಲೇ ಅವಕ್ಕೆ ಉಸಿರು ಸಾಲದೆ ಬರುವುದು. 'ಹಾಗಾದರೆ ವೇಗ ಸ್ವಲ್ಪ ಏರಿಸೋಣ' ಅನ್ನುವ ಆಸೆ ಹುಟ್ಟುತ್ತದೆ. ಸೆಂಟ್ರಿಫ್ಯೂಗಲ್ ಯಂತ್ರದಲ್ಲಿ ವೇಗವನ್ನು ನೂರಕ್ಕೆ ಹತ್ತು ಏರಿಸಿದರೆ ಬೇಕಾಗುವ ಶಕ್ತಿ ನೂರಕ್ಕೆ 33 ಏರುತ್ತದೆ. ಮೋಟಾರು ಸುಡುವುದು ಹೀಗೆ. ಪುಲ್ಲಿ ಬದಲಿಸುವ ಮೊದಲು ಈ ಲೆಕ್ಕ ಮಾಡಲೇಬೇಕು.

ಎರಡನೇ ಪ್ರಶ್ನೆ: ಎಲ್ಲಿಗೆ, ಹೇಗೆ ಬಿಡುತ್ತಿದೆ?

ಯಂತ್ರ ಕೂರಿಸುವಾಗ ಎಲ್ಲಕ್ಕೂ ಕೆಳಗಿನದ್ದು ಕಾಂಕ್ರೀಟ್. ತಿರುಗುವ ಯಂತ್ರದ ಅಡಿಪಾಯ ಯಂತ್ರದ ತೂಕದ ಮೂರು ಪಟ್ಟಾದರೂ ಇರಲಿ ಅನ್ನುವುದು ಹಳೆಯ ರೂಢಿ. ಯಂತ್ರದ ನಾಲ್ಕೂ ಕಾಲು ಸಮನಾಗಿ ಕೂರಬೇಕು. ಒಂದು ಕಾಲು ಎತ್ತರಿಸಿದ ಕುರ್ಚಿ ಹೇಗೆ ಅಲುಗುತ್ತದೋ ಹಾಗೆ ಒಂದು ಕಾಲಿನ ಕೆಳಗೆ ಸಂದು ಉಳಿದರೆ, ಬೋಲ್ಟ್ ಬಿಗಿದಾಗ ಇಡೀ ಮೈ ತಿರುಚಿಕೊಳ್ಳುತ್ತದೆ. ಮೋಟಾರಿನ ಶಾಫ್ಟೂ ಬ್ಲೋವರ್‌ನ ಶಾಫ್ಟೂ ಒಂದೇ ಗೆರೆಯಲ್ಲಿ ಇರಬೇಕು. ಪೈಪಿನ ಭಾರವನ್ನು ಬ್ಲೋವರ್‌ನ ಮೂತಿಯ ಮೇಲೆ ಹೇರಬಾರದು. ಪೈಪಿಗೆ ಅದರದ್ದೇ ಆಸರೆ, ನಡುವೆ ಬಗ್ಗುವ ಜಾಯಿಂಟ್. ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಹಿಗ್ಗಿದ ಪೈಪ್ ಯಂತ್ರವನ್ನೇ ತಳ್ಳುತ್ತದೆ.

ಆಮೇಲೆ ತಿರುಗುವ ದಿಕ್ಕು. ಮೂರು ಫೇಸ್ ತಂತಿಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಸೆಂಟ್ರಿಫ್ಯೂಗಲ್ ಬ್ಲೋವರ್‌ನಲ್ಲಿ ಇದು ಮೋಸದ ವಿಷಯ. ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಂದ ಬರುತ್ತದೆ, ಆದರೆ ಕಡಿಮೆ ಬರುತ್ತದೆ. ನೋಡಿದವರು 'ಗಾಳಿ ಬರುತ್ತಿದೆಯಲ್ಲ' ಅಂದುಕೊಂಡು ತಿಂಗಳುಗಟ್ಟಲೆ ಓಡಿಸುತ್ತಾರೆ. ಆದ್ದರಿಂದ ಮೊದಲ ಸಲ ಬೆಲ್ಟ್ ಅಥವಾ ಕಪ್ಲಿಂಗ್ ಬಿಡಿಸಿ, ಮೋಟಾರನ್ನು ಒಂದು ಕ್ಷಣ ಮಾತ್ರ ಕೊಟ್ಟು ನಿಲ್ಲಿಸಿ, ಬಾಣದ ಗುರುತಿನ ಜೊತೆ ದಿಕ್ಕು ತಾಳೆ ನೋಡಬೇಕು. ಕರೆಂಟ್ ರಿಪೇರಿ ಆದ ಪ್ರತಿ ಸಲವೂ ಮತ್ತೆ ನೋಡಬೇಕು.

ಈಗ ಆಗಲೇ ಹೇಳಿದ ಎರಡು ಜಾತಿಯ ವ್ಯತ್ಯಾಸ. ರೂಟ್ಸ್ ಬ್ಲೋವರ್‌ನ ಮುಂದಿನ ವಾಲ್ವನ್ನು ಯಂತ್ರ ಓಡುವಾಗ ಯಾವತ್ತೂ ಮುಚ್ಚಬಾರದು. ಅದು ಬೊಗಸೆ ಬೊಗಸೆಯಾಗಿ ಗಾಳಿ ತುಂಬುತ್ತಲೇ ಇರುತ್ತದೆ. ಒತ್ತಡ ಏರಿ ಏರಿ ಎಲ್ಲೋ ಒಂದು ಕಡೆ ಒಡೆಯುತ್ತದೆ, ಇಲ್ಲವೇ ರೋಟರ್ ಕಾದು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅದಕ್ಕೊಂದು ರಿಲೀಫ್ ವಾಲ್ವ್ ಇರುತ್ತದೆ, ಪ್ರೆಶರ್ ಕುಕ್ಕರಿನ ಸೀಟಿಯ ಹಾಗೆ. ಬ್ಲೋವರ್‌ಗೂ ಆ ರಿಲೀಫ್ ವಾಲ್ವ್‌ಗೂ ನಡುವೆ ಬೇರೆ ಯಾವ ವಾಲ್ವೂ ಇರಬಾರದು. 'ಸುಮ್ಮನೆ ಬುಸ್ ಬುಸ್ ಅನ್ನುತ್ತದೆ' ಅಂತ ಅದನ್ನು ಬಿಗಿದಿಡುವವರಿದ್ದಾರೆ. ಸೀಟಿ ಕಟ್ಟಿದ ಕುಕ್ಕರಿನ ಪಕ್ಕ ನಿಮ್ಮ ಅಮ್ಮ ನಿಲ್ಲುತ್ತಾರೆಯೇ?

ಸೆಂಟ್ರಿಫ್ಯೂಗಲ್ ಬ್ಲೋವರ್‌ನ ಸ್ವಭಾವ ಬೇರೆ. ಅದನ್ನು ಹಗುರ ಭಾರದಲ್ಲಿ ಶುರುಮಾಡಿ, ವೇಗ ಹಿಡಿದ ಮೇಲೆ ನಿಧಾನ ತೆರೆಯುವುದು ಸಾಮಾನ್ಯ ಕ್ರಮ. ಆದರೆ ಅದರಲ್ಲೂ ಗಾಳಿಯ ಹರಿವು ತೀರಾ ಕಡಿಮೆಯಾದರೆ ಮುಂದೆ ಹೋದ ಗಾಳಿ ಹಿಂದೆ ನುಗ್ಗುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಧಬ್ ಧಬ್ ಅಂತ ಇಡೀ ಪೈಪ್ ಬಡಿದುಕೊಳ್ಳುತ್ತದೆ. ಇದಕ್ಕೆ ಸರ್ಜ್ ಅನ್ನುತ್ತಾರೆ. ಈ ಸದ್ದು ಕೇಳಿದರೆ ಅಲ್ಲೇ ನಿಂತು ಕಿವಿಗೊಡಬೇಡಿ. ಕಂಟ್ರೋಲ್ ರೂಮಿಗೆ ಹೇಳಿ, ದೂರ ಸರಿಯಿರಿ. ಹೆಚ್ಚಿನ ಗಾಳಿಯನ್ನು ಹೊರಬಿಡುವ ವಾಲ್ವ್ ತೆರೆಯುವುದು ಅದರ ಪರಿಹಾರ. ಯಾವ ಯಂತ್ರಕ್ಕೆ ಯಾವ ಕ್ರಮ ಅನ್ನುವುದನ್ನು ಅದರ ಮ್ಯಾನುಯಲ್ ಹೇಳುತ್ತದೆ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹಚ್ಚುವುದೇ ತಪ್ಪು.

ಹೊರಬರುವ ಸದ್ದಿಗೂ ಲೆಕ್ಕ ಇದೆ. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅನ್ನುವುದು ಒಂದು ಒಪ್ಪಿತ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ನಲ್ಲಿ ಉಳಿಯುವುದು ಹದಿನೈದೇ ನಿಮಿಷ. ಶಬ್ದ ತಡೆಯುವ ಗೂಡಿಲ್ಲದ ಬ್ಲೋವರ್ ಪಕ್ಕ ಅಷ್ಟು ಸದ್ದು ಅಪರೂಪವಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಟಿವಿಯನ್ನು ತುಂಬಾ ಜೋರಾಗಿ ಇಟ್ಟು ನೋಡುತ್ತಿದ್ದರೆ ಬೈಯುವ ಮೊದಲು ಅವರು ಎಷ್ಟು ವರ್ಷ ಎಲ್ಲಿ ಕೆಲಸ ಮಾಡಿದ್ದಾರೆ ಕೇಳಿ. ಹೋದ ಕಿವಿ ವಾಪಸ್ ಬರುವುದಿಲ್ಲ. ನೀವು ಹೋಗುವಾಗ ಇಯರ್‌ಪ್ಲಗ್ ಹಾಕಿಕೊಳ್ಳಿ. ಹಾಡು ಕೇಳುವ ಇಯರ್‌ಫೋನ್ ಅದಕ್ಕೆ ಬದಲಿಯಲ್ಲ.

ಮೂರನೇ ಪ್ರಶ್ನೆ: ನಿಂತರೆ ಏನಾಗುತ್ತದೆ?

ಎಲ್ಲರೂ ಯಂತ್ರ ಓಡುವಾಗ ಹುಷಾರಾಗಿರುತ್ತಾರೆ. ಬ್ಲೋವರ್ ವಿಷಯದಲ್ಲಿ ನಿಂತ ಯಂತ್ರವೂ ಅಷ್ಟೇ ಅಪಾಯ.

ಗಂಧಕದ ಘಟಕದಲ್ಲಿ ಬ್ಲೋವರ್ ತಟ್ಟನೆ ನಿಂತರೆ ಕುಲುಮೆಯಲ್ಲಿರುವ ವಿಷಗಾಳಿ ಗಾಳಿಯ ಪೈಪಿನಲ್ಲೇ ಹಿಂದಕ್ಕೆ ಬರಬಹುದು. ಅದಕ್ಕೆ ಎರಡು ಕಾವಲು. ಒಂದು, ಗಾಳಿ ಒಂದೇ ದಿಕ್ಕಿಗೆ ಹೋಗಲು ಬಿಡುವ ನಾನ್-ರಿಟರ್ನ್ ವಾಲ್ವ್. ಇನ್ನೊಂದು, ಗಾಳಿ ನಿಂತ ಕೂಡಲೇ ವಿಷಗಾಳಿಯ ದಾರಿಯನ್ನೂ ತಾನಾಗಿ ಮುಚ್ಚಿ ಫ್ಲೇರ್ ಕಡೆಗೆ ತಿರುಗಿಸುವ ಇಂಟರ್‌ಲಾಕ್. ಎರಡು ಬ್ಲೋವರ್‌ಗಳು ಒಂದೇ ಪೈಪಿಗೆ ಊದುವಲ್ಲಿ ಇನ್ನೊಂದು ಕಥೆ. ನಿಂತ ಬ್ಲೋವರ್‌ನ ನಾನ್-ರಿಟರ್ನ್ ವಾಲ್ವ್ ಸರಿಯಿಲ್ಲದಿದ್ದರೆ ಪಕ್ಕದ್ದರ ಗಾಳಿ ಅದನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಹಾಗೆ ತಿರುಗುತ್ತಿರುವಾಗ ಸ್ಟಾರ್ಟ್ ಬಟನ್ ಒತ್ತಿದರೆ ಶಾಫ್ಟ್ ಮುರಿಯಬಹುದು. ಬಟನ್ ಒತ್ತುವ ಮೊದಲು ಶಾಫ್ಟ್ ನಿಜವಾಗಿ ನಿಂತಿದೆಯೇ ಅಂತ ಕಣ್ಣಾರೆ ನೋಡಬೇಕು ಅನ್ನುವುದು ಇದಕ್ಕೇ.

ರಿಪೇರಿಗೆ ಕೈ ಹಾಕುವ ಮೊದಲಿನ ಕ್ರಮಕ್ಕೆ ಲಾಕ್‌ಔಟ್ ಅನ್ನುತ್ತಾರೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಮೇನ್ ತೆಗೆದು ಅದಕ್ಕೆ ನಿಮ್ಮದೇ ಬೀಗ ಹಾಕಬೇಕು. ಬೀಗದ ಕೈ ನಿಮ್ಮ ಜೇಬಿನಲ್ಲಿ. ಐದು ಜನ ಕೆಲಸ ಮಾಡಿದರೆ ಐದು ಬೀಗ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ಶುರುವಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಪೈಪಿನ ಒತ್ತಡ ಇಳಿಸಿ ಗೇಜ್ ಸೊನ್ನೆ ತೋರಿಸುವುದನ್ನು ನೋಡಬೇಕು. ಭಾರದ ಚಕ್ರ ಕರೆಂಟ್ ತೆಗೆದ ಮೇಲೂ ನಿಮಿಷಗಟ್ಟಲೆ ತಿರುಗುತ್ತದೆ. ನಿಂತ ಮೇಲೂ ಪೈಪಿನಲ್ಲಿ ಬರುವ ಗಾಳಿಯ ಎಳೆತಕ್ಕೆ ಮತ್ತೆ ತಿರುಗಬಹುದು. ಆದ್ದರಿಂದ ಒಳಗೆ ಕೈ ಹಾಕುವ ಮೊದಲು ಚಕ್ರವನ್ನು ಕಟ್ಟಿ ಹಾಕಬೇಕು. ಕೊರಳಿಗೆ ನೇತಾಡುವ ಐಡಿ ಕಾರ್ಡಿನ ಪಟ್ಟಿ, ಸಡಿಲ ತೋಳು, ದುಪಟ್ಟಾ, ಉದ್ದ ಕೂದಲು ಇವೆಲ್ಲ ಬೆಲ್ಟಿಗೆ ಆಹಾರ. ಗಾರ್ಡ್ ತೆಗೆದ ಯಂತ್ರವನ್ನು ಒಂದು ನಿಮಿಷಕ್ಕೂ ಓಡಿಸಬಾರದು.

ಬಜ್ಪೆಯ ಒಂದು ದಿನ

ಎಲ್ಲಕ್ಕಿಂತ ದೊಡ್ಡ ಮಾತು ಇನ್ನು ಬರುವುದು. ಬ್ಲೋವರ್‌ನಲ್ಲಿ ಇನ್ನೊಂದು ಬಗೆ ಇದೆ. ಕೈಯಲ್ಲಿ ಎತ್ತಿಕೊಂಡು ಹೋಗುವಂಥದ್ದು, ಹಿಂದೆ ಹಳದಿ ಬಣ್ಣದ ಉದ್ದನೆಯ ಬಟ್ಟೆಯ ಕೊಳವೆ. ಟ್ಯಾಂಕ್, ಮ್ಯಾನ್‌ಹೋಲ್, ಗುಂಡಿಗಳಿಗೆ ಮನುಷ್ಯ ಇಳಿಯುವ ಮೊದಲು ಒಳಗೆ ಒಳ್ಳೆಯ ಗಾಳಿ ತುಂಬಲು ಇದನ್ನು ಬಳಸುತ್ತಾರೆ.

ನಮ್ಮಲ್ಲಿ ಬಹಳ ಜನ ಊರಿಗೆ ಹೋದಾಗ ವಿಮಾನ ಇಳಿಯುವುದು ಮಂಗಳೂರಿನ ಬಜ್ಪೆಯಲ್ಲಿ. ಅದೇ ಬಜ್ಪೆಯ ಬಳಿ, ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ, 2022ರ ಏಪ್ರಿಲ್ 17ರಂದು ಒಬ್ಬ ಕಾರ್ಮಿಕ ಮೀನಿನ ತ್ಯಾಜ್ಯದ ತೊಟ್ಟಿಯಲ್ಲಿ ಕುಸಿದುಬಿದ್ದ. ಅವನನ್ನು ಎತ್ತಲು ಇಳಿದವರೂ ಕುಸಿದರು. ಐದು ಮಂದಿ ಸತ್ತರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಹುಡುಗರು. ನಾವು ಮನೆಬಿಟ್ಟು ಇಲ್ಲಿಗೆ ಬಂದ ಹಾಗೆ ಅವರು ಅಲ್ಲಿಗೆ ಬಂದಿದ್ದರು.

ಕೊಳೆತ ವಸ್ತು ಇರುವ ಮುಚ್ಚಿದ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ರಿಫೈನರಿಯಲ್ಲಿ ಎಣ್ಣೆಯಿಂದ ತೆಗೆಯುವ ಅದೇ ವಿಷ. ಮೊದಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಸುಮಾರು 100 ಪಿಪಿಎಂ ಮುಟ್ಟುತ್ತಿದ್ದಂತೆ ಮೂಗು ಸತ್ತುಹೋಗುತ್ತದೆ. 'ವಾಸನೆ ಹೋಯಿತು, ಇನ್ನು ಪರವಾಗಿಲ್ಲ' ಅಂದುಕೊಳ್ಳುವ ಹೊತ್ತೇ ಸಾವಿನ ಹೊತ್ತು. ಈ ಗಾಳಿ ಮಾಮೂಲು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಹಾಗಾಗಿ ಕೊಳವೆಯ ತುದಿಯನ್ನು ಬಾಯಿಯ ಹತ್ತಿರ ಬಿಟ್ಟರೆ ಪ್ರಯೋಜನವಿಲ್ಲ. ಮೇಲಿನ ಗಾಳಿ ಮೇಲೇ ಸುತ್ತಿ ಹೊರಗೆ ಬರುತ್ತದೆ. ಕೊಳವೆ ತಳದವರೆಗೆ ಹೋಗಬೇಕು.

ಎಷ್ಟು ಹೊತ್ತು ಊದಬೇಕು? 100 ಘನ ಮೀಟರ್ ತೊಟ್ಟಿಗೆ ಗಂಟೆಗೆ 2,000 ಘನ ಮೀಟರ್ ಊದುವ ಬ್ಲೋವರ್ ಹಚ್ಚಿದರೆ ಮೂರು ನಿಮಿಷಕ್ಕೆ ತೊಟ್ಟಿಯಷ್ಟೇ ಗಾಳಿ ಒಳಗೆ ಹೋಗುತ್ತದೆ. ಹಾಗಂತ ಮೂರು ನಿಮಿಷಕ್ಕೆ ಶುದ್ಧವಾಯಿತು ಅನ್ನಬೇಡಿ. ಹೊಸ ಗಾಳಿ ಹಳೆಯದರ ಜೊತೆ ಬೆರೆಯುತ್ತದೆ. ಚೆನ್ನಾಗಿ ಬೆರೆತರೂ ಮೂರು ನಿಮಿಷದ ಕೊನೆಗೆ ನೂರಕ್ಕೆ 37 ಪಾಲು ವಿಷ ಉಳಿದಿರುತ್ತದೆ. ಒಂಬತ್ತು ನಿಮಿಷಕ್ಕೆ 5 ಪಾಲು, ಹದಿನೈದು ನಿಮಿಷಕ್ಕೆ ಒಂದು ಪಾಲಿಗಿಂತ ಕಡಿಮೆ. ಇದು ಕಾಗದದ ಲೆಕ್ಕ. ನಿಜವಾದ ತೊಟ್ಟಿಯಲ್ಲಿ ಮೂಲೆಗಳಿರುತ್ತವೆ, ಕಾಲಿಟ್ಟು ಕೆಸರು ಕಲಕಿದರೆ ಹೊಸ ವಿಷ ಏಳುತ್ತದೆ. ಆದ್ದರಿಂದ ಮಾತು ಮೀಟರ್‌ನದ್ದು, ಗಡಿಯಾರದ್ದಲ್ಲ. ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕಡಿಮೆ ಇರಬಾರದು, 23.5ಕ್ಕಿಂತ ಹೆಚ್ಚೂ ಇರಬಾರದು. ಸುಡುವ ಗ್ಯಾಸ್, ವಿಷದ ಗ್ಯಾಸ್ ಎರಡನ್ನೂ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಮನುಷ್ಯ ಒಳಗಿರುವಷ್ಟು ಹೊತ್ತೂ ಬ್ಲೋವರ್ ಓಡುತ್ತಿರಬೇಕು, ಮೀಟರ್ ಮೈಮೇಲಿರಬೇಕು. ಬ್ಲೋವರ್ ನಿಂತರೆ ಕಾರಣ ಹುಡುಕುವುದು ಆಮೇಲೆ, ಮೊದಲು ಹೊರಗೆ.

ಇನ್ನು ಮೂರು ಎಚ್ಚರ. ಬ್ಲೋವರ್‌ನ ಬಾಯಿಯನ್ನು ಜನರೇಟರ್ ಪಕ್ಕ ಇಡಬೇಡಿ. ಒಳಗಿರುವವನಿಗೆ ಕಾರ್ಬನ್ ಮೊನಾಕ್ಸೈಡ್ ಕಳಿಸಿದ ಹಾಗಾಗುತ್ತದೆ. ಎಣ್ಣೆ ಟ್ಯಾಂಕಿನಲ್ಲಿ ಗಾಳಿ ಉಜ್ಜಿಕೊಂಡು ಹೋಗುವಾಗ ಸ್ಥಿರ ವಿದ್ಯುತ್ ಹುಟ್ಟಿ ಕಿಡಿಯಾಗಬಹುದು. ಅಲ್ಲಿ ಬ್ಲೋವರನ್ನೂ ಕೊಳವೆಯನ್ನೂ ತಂತಿಯಿಂದ ಟ್ಯಾಂಕಿಗೆ ಜೋಡಿಸಿ ಅರ್ಥಿಂಗ್ ಮಾಡಬೇಕು, ಕರೆಂಟ್ ಬದಲು ಒತ್ತಿದ ಗಾಳಿಯಿಂದಲೇ ನಡೆಯುವ ಬ್ಲೋವರ್ ಬಳಸುವುದು ಒಳ್ಳೆಯದು. ಮತ್ತೆ, ಗಾಳಿ ಸಾಲದು ಅಂತ ಸಿಲಿಂಡರಿನಿಂದ ಆಮ್ಲಜನಕವನ್ನು ಯಾವ ಕಾರಣಕ್ಕೂ ಬಿಡಬಾರದು. ಬಟ್ಟೆಯೇ ಪಂಜಿನಂತೆ ಉರಿಯುತ್ತದೆ.

ಒಬ್ಬ ಬಿದ್ದರೆ ಹಿಂದೆ ಹಾರಬೇಡಿ. ಇದನ್ನು ಹೇಳುವುದು ಸುಲಭ, ಬಿದ್ದವನು ಗೆಳೆಯನಾದರೆ ಪಾಲಿಸುವುದು ಕಷ್ಟ. ಅದಕ್ಕೇ ಇಳಿಯುವ ಮೊದಲೇ ಮೈಗೆ ಹಾರ್ನೆಸ್, ಅದಕ್ಕೆ ಹಗ್ಗ, ಮೇಲೆ ಎತ್ತುವ ಟ್ರೈಪಾಡ್, ಬಾಯಿ ಬಳಿ ಕದಲದೆ ನಿಲ್ಲುವ ಒಬ್ಬ ಕಾವಲುಗಾರ ಇರಬೇಕು. ಆಗ ಯಾರೂ ಹಾರಬೇಕಾಗುವುದಿಲ್ಲ.

'ಇಲ್ಲ' ಅನ್ನಲಾಗದವರಿಗೆ

'ಇದೆಲ್ಲ ಸರಿ, ಆದರೆ ಸೂಪರ್‌ವೈಸರ್ ಇಳಿ ಅಂದರೆ ಟ್ರೈನಿ ಹುಡುಗ ಏನು ಮಾಡಬೇಕು?' ನ್ಯಾಯವಾದ ಪ್ರಶ್ನೆ. ವೀಸಾ, ಸಂಬಳ, ಸರ್ಟಿಫಿಕೇಟು ಎಲ್ಲ ಇನ್ನೊಬ್ಬರ ಕೈಯಲ್ಲಿರುವಾಗ 'ಇಲ್ಲ' ಅನ್ನುವ ಪದ ಗಂಟಲಿನಿಂದ ಹೊರಡುವುದಿಲ್ಲ. ಹಾಗಾದರೆ ಪ್ರಶ್ನೆ ಕೇಳಿ. 'ಸರ್, ಪರ್ಮಿಟ್ ಎಲ್ಲಿದೆ, ಒಮ್ಮೆ ನೋಡಬಹುದಾ?' 'ಮೀಟರ್ ರೀಡಿಂಗ್ ಎಷ್ಟು ಬಂತು?' 'ನನ್ನ ಬೀಗ ಯಾವುದಕ್ಕೆ ಹಾಕಲಿ?' ಇದರಲ್ಲಿ ಜಗಳವಿಲ್ಲ, ಅವಿಧೇಯತೆ ಇಲ್ಲ. ಕಲಿಯಲು ಬಂದವನು ಕೇಳಲೇಬೇಕಾದ ಪ್ರಶ್ನೆಗಳು. ಉತ್ತರ ಇದ್ದರೆ ನೀವು ಕಲಿತಿರಿ. ಉತ್ತರ ಇಲ್ಲದಿದ್ದರೆ ಕೇಳಿಸಿಕೊಂಡವರೂ ಒಂದು ಕ್ಷಣ ನಿಲ್ಲುತ್ತಾರೆ. ಆ ಒಂದು ಕ್ಷಣ ಸಾಕಾಗುವ ಸಂದರ್ಭಗಳು ಎಷ್ಟೋ ಇವೆ. ಕುವೈತ್‌ನಲ್ಲಿ ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಹೊರಗಿನ ಕೆಲಸ ಮಾಡಿಸಬಾರದು ಎಂಬ ನಿಯಮ ಇದೆ. ಅದೂ ನಿಮಗೆ ಗೊತ್ತಿರಲಿ.

ಕೊನೆಗೊಂದು ಕೆಲಸ ಕೊಡುತ್ತೇನೆ. ಈ ಶುಕ್ರವಾರ ಊಟದ ಹೊತ್ತಿಗೆ ಮನೆಯಲ್ಲಿ ಅಪ್ಪನನ್ನೋ ಚಿಕ್ಕಪ್ಪನನ್ನೋ ಕೇಳಿ: 'ನಿಮ್ಮ ಪ್ಲಾಂಟಿನಲ್ಲಿ ಬ್ಲೋವರ್ ಇದೆಯಾ? ಅದು ನಿಂತರೆ ಏನಾಗುತ್ತೆ?' 'ಮೇಂಟೆನೆನ್ಸ್' ಅನ್ನುವ ಒಂದು ಪದದ ಹಿಂದೆ ಇಷ್ಟು ವರ್ಷ ಏನಿತ್ತು ಅನ್ನುವುದು ಆಗ ಹೊರಗೆ ಬರುತ್ತದೆ. ನಾನು ಹೇಳಿದ್ದಕ್ಕಿಂತ ಹೆಚ್ಚಿನದು ಅವರಿಗೆ ಗೊತ್ತಿರುತ್ತದೆ. ಅದನ್ನು ಕನ್ನಡದಲ್ಲೇ ಕೇಳಿಸಿಕೊಳ್ಳಿ.

ಮುಂದಿನ ಮಾತಿನಲ್ಲಿ ಸಿಗೋಣ.